ಸಂಜೀ ಮಾರಿ ಡಾಕ್ಟರಿಗೆ ಹ್ಯಾಂಗ ತೋರಸೋದು?

ಮೊನ್ನೆ ಅರಿಷಿಣ-ಕುಂಕುಮಕ್ಕ ಹೋದಾಗ ಒಬ್ಬರು ಕೇಳಿದ್ರು, "ನಿಮ್ಮ ತಂಗಿ ದಿನಾ ಸಂಜೀಕ ಮಾರೀ ಮುಂದ ಫೋನ್ ಇಟಗೊಂಡು ಮ್ಯಾಲೆ ನೋಡ್ಕೋತ ಕೂಡ್ತಾಳಲ್ರೀ, ರೀಲ್ಸ್ ಮಾಡ್ತಾಳೇನು?" ಎಲ್ಲಾರೂ ನಕ್ಕರು. ಅಲ್ಲೇ ಉತ್ತರಾ ಕೊಟ್ಟೆ, ಆದ್ರ ಅದು ಎರಡು ಮಾತಿನಾಗ ಮುಗಿಯೋ ವಿಷಯ ಅಲ್ಲ. ಅದಕ್ಕ ತಂಗೀನ್ನ ಕೇಳೇ ಇಲ್ಲೆ ಬರೀಲಿಕ್ಕೆ ಹತ್ತೀನಿ.

ಅಕಿಗೆ ಮಯಸ್ತೇನಿಯಾ ಗ್ರೇವಿಸ್ ಅನ್ನೋ ಜಡ್ಡು ಅದ. ಭಾಳ ಕಡಿಮಿ ಮಂದಿಗೆ ಬರೋದು. ಅಮಿತಾಭ್ ಬಚ್ಚನ್ ಅವರಿಗೂ ಇದ ಬಂದಿತ್ತು ಅಂದ್ರ ಮಾತ್ರ ಎಲ್ಲಾರೂ ಕಿವಿ ನಿಮಿರಸ್ತಾರ. ನರದಿಂದ ಸ್ನಾಯುವಿಗೆ ಹೋಗೋ ಸುದ್ದಿ ನಡುವ ತಡೀತದ. ಮೈ ಕಾಯಬೇಕಾದ ರೋಗನಿರೋಧಕ ಶಕ್ತಿನ ತಪ್ಪಿ ಆ ಜಾಗಾದಾಗ ಅಡ್ಡ ನಿಂದರ್ತದ. ಮುಂಜಾನೆ ಎದ್ದಾಗ ಛಲೋ ಇರ್ತಾಳ. ಕೆಲಸಾ ಮಾಡಿಧಂಗ ಶಕ್ತಿ ಸೋರತದ. ಸಂಜೀಕ ರೆಪ್ಪಿ ಜೋತು ಬೀಳ್ತದ, ಒಂದು ದೀಪ ಎರಡು ಕಾಣ್ತದ, ಊಟಾ ಅರ್ಧ ಆಗೂದ್ರಾಗ ದವಡಿ ಸೋಲ್ತದ, ಮಾತು ಮೂಗಿನಾಗಿಂದ ಬರ್ತದ. ಒಂದಿಷ್ಟು ಹೊತ್ತು ಮಲಗಿ ಎದ್ದರ ಮತ್ತ ಸುಧಾರಸ್ತದ.

ಇಂಥಾದನ್ನ ಯಾರು ನಂಬ್ತಾರ ಹೇಳ್ರಿ? ಮುಂಜಾನೆ ನೀರು ತುಂಬಿ, ಕಸಾ ಹೊಡದು, ನಾಷ್ಟಾ ಮಾಡಿದಾಕಿ ಸಂಜೀಕ ರೊಟ್ಟಿ ಬಡೀಲಿಕ್ಕೆ ಆಗೂದಿಲ್ಲ ಅಂದ್ರ ಮೈಗಳ್ಳಿ ಅಂತಾರ. ದವಾಖಾನಿಗೆ ಹೋಗೋದು ಮುಂಜಾನೆ ಹತ್ತಕ್ಕ. ಅಷ್ಟೊತ್ತಿನಾಗ ಕಣ್ಣು ಪೂರಾ ತೆರದಿರ್ತಾವ. ಮೊದಲು ನೋಡಿದ ಡಾಕ್ಟರು "ಟೆನ್ಶನ್ ಮಾಡ್ಕೋಬ್ಯಾಡ್ರಿ" ಅಂತ ತಾಕತ್ತಿನ ಗುಳಿಗಿ ಬರದು ಕಳಿಸಿದ್ರು. ಕಡೀಕ ದಾರಿ ತೋರಿಸಿದ್ದು ಅಕಿ ಮಗಳು ಸಂಜೀ ಏಳಕ್ಕ ತೆಗೆದ ಒಂದು ವಿಡಿಯೋ. ಅದನ್ನ ನೋಡಿ ನರದ ಡಾಕ್ಟರು ರಕ್ತಾ ಪರೀಕ್ಷಾ ಬರದ್ರು.

ಹಿಂಗಾಗಿ ನಾ ಹೇಳೋದು, ಈ ಜಡ್ಡು ಇದ್ದವರು ತಮ್ಮ ಸಂಜೀ ಮಾರಿ ಫೋನಿನಾಗ ಹಿಡದಿಡಲೇಬೇಕು. ಮನೀಮಂದಿ ಅದಕ್ಕ ನಗಬಾರದು.

ತಂಗಿ ಮಾಡೋದು ಇಷ್ಟ. ಫೋನು ಡಬ್ಬಿಗೆ ಆನಿಸಿ ಇಡ್ತಾಳ, ಯಾಕಂದ್ರ ಎತ್ತಿ ಹಿಡಿಲಿಕ್ಕೆ ಕೈನ ಸೋಲ್ತಾವ. ತಲಿ ಅಲಗಸದ ಒಂದು ನಿಮಿಷ ಮ್ಯಾಲೆ ನೋಡ್ತಾಳ, ರೆಪ್ಪಿ ಎಷ್ಟೊತ್ತಿಗೆ ಇಳೀತು ಅಂತ ವಿಡಿಯೋದಾಗ ಕಾಣ್ತದ. ಆಮ್ಯಾಲೆ ಒಂದ ಉಸಿರಿನಾಗ ಒಂದು, ಎರಡು ಅಂತ ಎಷ್ಟು ತನಕಾ ಎಣಸ್ತಾಳೋ ಅದನ್ನ ಬರೀತಾಳ. ಪಿರಿಡೋಸ್ಟಿಗ್ಮಿನ್ ಗುಳಿಗಿ ತೊಗೊಳ್ಳೋಕಿಂತ ಮೊದಲ ಒಮ್ಮೆ, ಒಂದು ತಾಸಿನ ಮ್ಯಾಲೆ ಇನ್ನೊಮ್ಮೆ. ರವಿವಾರ ಎಂಟು ಪ್ರಶ್ನೆಗೆ ಅಂಕಾ ಹಾಕ್ತಾಳ: ಮಾತು, ಅಗಿಯೋದು, ನುಂಗೋದು, ಉಸಿರು, ಹಲ್ಲುಜ್ಜಿ ತಲಿ ಬಾಚ್ಕೊಳ್ಳೋದು, ಕುರ್ಚಿಯಿಂದ ಏಳೋದು, ಎರಡೆರಡು ಕಾಣೋದು, ರೆಪ್ಪಿ ಬೀಳೋದು. ಒಂದೊಂದಕ್ಕ 0ಯಿಂದ 3, ಒಟ್ಟು 24. ಎಷ್ಟು ಹೆಚ್ಚೋ ಅಷ್ಟು ತ್ರಾಸು. ಇದು ಡಾಕ್ಟರುಗಳೇ ಬಳಸೋ ಪಟ್ಟಿ. (ರೊಟ್ಟಿ ಬಡಿಯೋದು ಅದರಾಗ ಇಲ್ಲ. ಪಟ್ಟಿ ಮಾಡಿದವರು ನಮ್ಮ ಕಡೆಯವರಲ್ಲ!)

ಇದಕ್ಕ ಇಂಗ್ಲೀಷಿನ ಆ್ಯಪ್ ಬೇಕಂತಿಲ್ಲ. ಕನ್ನಡದಾಗ ಬರದಿಟ್ರೂ ನಡೀತದ. ಆದ್ರ ಕ್ಯಾಮೆರಾದಾಗ ಮಾರಿ ಚಂದ ಮಾಡೋ ಬ್ಯೂಟಿ ಬಂದ್ ಮಾಡ್ರಿ. ಸೆಲ್ಫಿಯೊಳಗ ಕೆಲವು ಫೋನಿನಾಗ ಎಡಾ ಬಲಾ ಆಗ್ತದ, ಅದಕ್ಕ ಯಾವ ಕಣ್ಣು ಅಂತ ಬಾಯಿಲೆ ಹೇಳ್ರಿ.

ಹಂಗಂತ ತಾಸಿಗೊಮ್ಮೆ ನೋಡ್ಕೋತ ಕೂಡೋದು ನನಗ ಸೇರೂದಿಲ್ಲ. ಈ ಜಡ್ಡು ದಿನಾ ಏರಿಳೀತದ, ಒಂದೊಂದಕ್ಕೂ ಅಂಜಿದ್ರ ಬದುಕೋದು ಹ್ಯಾಂಗ? ಅಂಕಾ ನೋಡಿ ತಾವ ಗುಳಿಗಿ ಹೆಚ್ಚು ಮಾಡ್ಕೊಳ್ಳೋದಂತೂ ಬ್ಯಾಡ, ಅದು ಹೆಚ್ಚಾದ್ರೂ ಶಕ್ತಿ ಕುಂದತದ. ಮತ್ತ ಎಣಿಕಿ ಒಮ್ಮೆಲೆ ಇಳೀತು, ಅಂಗಾತ ಮಲಗಿದ್ರ ಉಸಿರು ಸಿಗವಲ್ದು, ಉಗುಳು ನುಂಗಲಿಕ್ಕೆ ಆಗವಲ್ದು ಅಂದ್ರ ವಿಡಿಯೋ ತೆಗೀಕೋತ ಕೂಡಬ್ಯಾಡ್ರಿ, ನಡುರಾತ್ರಿ ಆದ್ರೂ ದೊಡ್ಡ ದವಾಖಾನಿಗೆ ಓಡ್ರಿ.

ಫೋನು ಅಕೀದೇ ಇರಬೇಕು. ಮೊದಲು ಮಗಳ ಫೋನಿನಾಗ ಇತ್ತು, ಮಗಳು ಕ್ಲಾಸಿಗೆ ಹೋದ್ರ ಅವತ್ತಿನ ಲೆಕ್ಕನ ಇಲ್ಲ. ಗಂಡನ ಫೋನಿನಾಗ ಇಟ್ರ ವಿಡಿಯೋ ಮನೀ ವಾಟ್ಸಾಪ್ ಗ್ರೂಪಿಗೆ ಹೋತು, ಎಲ್ಲಾರೂ ಕೈ ಮುಗಿಯೋ ಚಿತ್ರಾ ಹಾಕಿದ್ರು. ಜೋತು ಬಿದ್ದ ಮಾರಿ ಊರಿಗೆಲ್ಲ ಯಾಕ ತೋರಸಬೇಕ್ರೀ?

ಇನ್ನ ನನ್ನ ಸಿಟ್ಟಿನ ಮಾತು. ವಿಡಿಯೋ ನೋಡಿದ ದಿನದಿಂದ ಅಕಿ ಅತ್ತಿಯವರು ಸಂಜೀ ರೊಟ್ಟಿ ತಾವ ಬಡೀತಾರ. ಭಾಳ ಛಲೋ ಆತು. ಆದ್ರ ಅಕಿ ಬಾಯಿಲೆ ಹೇಳಿದ್ದು ಒಂದೂವರಿ ವರ್ಷ ಯಾರ ಕಿವಿಗೂ ಬೀಳಲಿಲ್ಲ, ಒಂದು ನಿಮಿಷದ ವಿಡಿಯೋ ಎಲ್ಲಾರೂ ನಂಬಿದ್ರು! ಫೋನ್ ಇರಲಾರದ ಹೆಣ್ಣುಮಕ್ಕಳು ಏನ್ ಮಾಡಬೇಕು?

ಕಡೀಗೆ ಒಂದು ಕೆಲಸದ ಮಾತು. ಸಿಪ್ರೊಫ್ಲಾಕ್ಸಾಸಿನ್, ಅಜಿಥ್ರೊಮೈಸಿನ್ ಅಂಥಾ ಗುಳಿಗಿಯಿಂದ ಈ ಜಡ್ಡು ಹೆಚ್ಚಾಗಬಹುದು. ನೆಗಡಿ ಜ್ವರ ಅಂತ ಹೋದಾಗ ಮೊದಲ ಜಡ್ಡಿನ ಹೆಸರು ಹೇಳ್ರಿ. ತಂಗಿ ಫೋನಿನ ಲಾಕ್ ಬಿಚ್ಚದನ ಕಾಣೋಹಂಗ ಜಡ್ಡಿನ ಹೆಸರು, ಗುಳಿಗಿ ಹೆಸರು, ನನ್ನ ನಂಬರು ಹಾಕಿಟ್ಟಾಳ. ಅದನ್ನ ಹಾಕ್ಲಿಕ್ಕೆ ಬರದಿದ್ರ ಮನೀಗೆ ಬರ್ರಿ, ಅಕೀನ ಹಾಕಿ ಕೊಡ್ತಾಳ. ಮುಂಜಾನೆ ಬರ್ರಿ ಮತ್ತ.