ನೆರೆಮನೆಯ ಕಟ್ಟೆ

ರೋಣದ ಓಣಿಯೊಂದರಲ್ಲಿ ಕಾಲೇಜು ಹುಡುಗನೊಬ್ಬನು ನೆರೆಮನೆಯ ವೃದ್ಧೆಯ ಬಾಲ್ಯವನ್ನು ಬರೆದುಕೊಳ್ಳಲು ಕುಳಿತಿದ್ದನು. ಆಕೆ ಹುಟ್ಟಿದಾಗ ಊರು ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. 1973ರಲ್ಲಿ ಆ ರಾಜ್ಯವೇ ಕರ್ನಾಟಕವೆನಿಸಿತು. 1997ರಲ್ಲಿ ಧಾರವಾಡ ಜಿಲ್ಲೆ ಹೋಗಿ ಗದಗ ಜಿಲ್ಲೆಯಾಯಿತು.

“ಆಯೀ, ಇದರಾಗ ನಿಮಗ ದೊಡ್ಡದು ಯಾವುದು?”

“ನಾ ಮನೀ ಬಿಟ್ಟಿಲ್ಲ ತಮ್ಮಾ, ಹೆಸರs ಬಂದು ಹ್ವಾದವು. ಅದಿರಲಿ, ನಿಮ್ಮ ಆಯೀನ್ನ ಇದೆಲ್ಲಾ ಕೇಳಿದ್ದೇನು?”

ಹುಡುಗನು ತಲೆ ತಗ್ಗಿಸಿದನು. ಆಕೆ ತೀರಿಕೊಂಡು ವರ್ಷವಾಗಿದ್ದಿತು.

“ಹಂಗಾದ್ರ ಬರಕೋ. ಇದs ಓಣ್ಯಾಗ ಇಬ್ಬರೂ ಕೂಡಿ ಕುಂಟಾಬಿಲ್ಲಿ ಆಡ್ತಿದ್ವಿ. ಸೋತ್ನಿ ಅಂತ ಆಕಿ ಎಂದೂ ಒಪ್ಪಲಿಲ್ಲ.”

ನಿಂತಿದ್ದ ಲೇಖನಿಯು ಮತ್ತೆ ಓಡತೊಡಗಿತು.

ವಾಚಕರೇ, ನಿಮ್ಮ ನೆರೆಮನೆಯ ಕಟ್ಟೆಯ ಮೇಲೆ ಯಾರು ಕುಳಿತಿದ್ದಾರೆ? ಈ ಭಾನುವಾರವೇ ಹೋಗಿ ಕೇಳಿರಿ.