‘ವರ್ಚುವಲ್ ಮಷೀನ್ ಪತ್ತೆಯಾಗಿದೆ’ ಅಂದ್ರೆ ಮುಗೀತಾ?

ಕಳೆದ ಮಳೆಗಾಲದ ಒಂದು ಸಂಜೆ. ವಿರಾಜಪೇಟೆಯಲ್ಲಿ ಬೆಳಗ್ಗೆಯಿಂದ ಬಿಡದ ಮಳೆ, ಕರೆಂಟು ಆಗಲೇ ಎರಡು ಸಲ ಹೋಗಿ ಬಂದಿತ್ತು. ನಮ್ಮ ರೂಮಿನ ಒಬ್ಬನಿಗೆ ಇಂಟರ್ನ್‌ಶಿಪ್‌ನ ಆನ್‌ಲೈನ್ ಟೆಸ್ಟ್. ನಾವು ಲ್ಯಾಪ್‌ಟಾಪ್ ಫುಲ್ ಚಾರ್ಜ್ ಮಾಡಿಸಿ, ಎರಡು ಫೋನಿನಲ್ಲಿ ಹಾಟ್‌ಸ್ಪಾಟ್ ಇಟ್ಟು, ಬಾಗಿಲು ಹಾಕಿಕೊಂಡು ಹೊರಗೆ ಕೂತಿದ್ದೆವು. ನಮಗಿದ್ದ ಭಯ ಕರೆಂಟಿನದ್ದು, ನೆಟ್‌ವರ್ಕಿನದ್ದು. ಅವೆರಡೂ ಅವತ್ತು ಕೈ ಕೊಡಲಿಲ್ಲ. ಆದರೂ ಐದೇ ನಿಮಿಷಕ್ಕೆ ಅವನು ಹೊರಗೆ ಬಂದ. ‘ಮಗಾ, ನಾನು ವರ್ಚುವಲ್ ಮಷೀನ್‌ನಲ್ಲಿ ಕೂತಿದ್ದೀನಂತೆ. ಟೆಸ್ಟ್ ಕ್ಲೋಸ್ ಆಗೋಯ್ತು’ ಅಂದ.

ಅವನು ಕೂತಿದ್ದು ತನ್ನ ಲ್ಯಾಪ್‌ಟಾಪಿನ ಮಾಮೂಲಿ ವಿಂಡೋಸ್‌ನಲ್ಲಿ. ಆಪರೇಟಿಂಗ್ ಸಿಸ್ಟಮ್ಸ್ ಲ್ಯಾಬಿಗೆ ಲಿನಕ್ಸ್ ಬೇಕು ಅಂತ ಡಬ್ಲ್ಯುಎಸ್‌ಎಲ್ 2 ಹಾಕಿಕೊಂಡಿದ್ದ, ಅಷ್ಟೇ. ಮಾರನೇ ದಿನ ಅದಕ್ಕೆ ಬೇಕಾದ ವಿಂಡೋಸ್ ಫೀಚರ್ ಆಫ್ ಮಾಡಿ ಅದೇ ಆ್ಯಪಿನ ಪ್ರಾಕ್ಟೀಸ್ ಟೆಸ್ಟ್ ತೆರೆದೆವು. ತೆರೆಯಿತು! ಆದರೆ ಅಸಲಿ ಟೆಸ್ಟ್ ಮುಗಿದು ಹೋಗಿತ್ತು. ಮೇಲ್ ಹಾಕಿದ್ದಕ್ಕೆ ಉತ್ತರ ಬರಲಿಲ್ಲ.

ಕೋಪ ಇಳಿದ ಮೇಲೆ ನಾವು ಓದಲು ಶುರು ಮಾಡಿದೆವು. ತನ್ನ ಕೆಳಗೆ ಇರೋದು ನಿಜವಾದ ಯಂತ್ರವಾ, ಹೈಪರ್‌ವೈಸರ್ ಆ ಅಂತ ಒಂದು ಸಾಫ್ಟ್‌ವೇರ್‌ಗೆ ಹೇಗೆ ಗೊತ್ತಾಗುತ್ತೆ?

ಸುಲಭದ ದಾರಿ ಒಂದಿದೆ. ಸಿಪಿಯುಐಡಿ ಎಂಬ ಇನ್‌ಸ್ಟ್ರಕ್ಷನ್ ಕೊಟ್ಟರೆ ಇಸಿಎಕ್ಸ್ ರಿಜಿಸ್ಟರ್‌ನ 31ನೇ ಬಿಟ್‌ನಲ್ಲಿ ಉತ್ತರ ಸಿಗುತ್ತದೆ. ಅದು 1 ಆಗಿದ್ದರೆ ಕೆಳಗೆ ಹೈಪರ್‌ವೈಸರ್ ಇದೆ ಎಂದರ್ಥ. ಆದರೆ ಡಬ್ಲ್ಯುಎಸ್‌ಎಲ್ 2 ಹಾಕಿದ ಕೂಡಲೇ ವಿಂಡೋಸ್ ತಾನೇ ಮೈಕ್ರೋಸಾಫ್ಟ್‌ನ ಹೈಪರ್‌ವೈಸರ್ ಮೇಲೆ ಕೂರುತ್ತದೆ. ಆಗ ಮನೆಯೊಡೆಯನಾದ ವಿಂಡೋಸ್‌ಗೂ ಆ ಬಿಟ್ 1 ಅಂತಲೇ ಕಾಣುತ್ತದೆ. ಸಿಸ್ಟಮ್‌ಇನ್ಫೋ ಕಮಾಂಡ್ ಓಡಿಸಿ ನೋಡಿ, ಹೈಪರ್‌ವೈಸರ್ ಪತ್ತೆಯಾಗಿದೆ ಅಂತ ವಿಂಡೋಸೇ ಹೇಳುತ್ತದೆ. ಮೇಲಿನ ಸಾಲುಗಳಲ್ಲಿ ಮಾತ್ರ ಲ್ಯಾಪ್‌ಟಾಪ್ ಮಾಡಿದ ಕಂಪನಿಯ ಹೆಸರು, ಮಾಡೆಲ್ ಸರಿಯಾಗಿಯೇ ಇರುತ್ತವೆ.

ಆ ಹೆಸರು ಬರೋದು ಎರಡನೇ ದಾರಿಯಿಂದ, ಅಂದರೆ ಫರ್ಮ್‌ವೇರ್ ಟೇಬಲ್‌ಗಳಿಂದ. ಕಂಪ್ಯೂಟರ್ ಆನ್ ಆದಾಗ ಫರ್ಮ್‌ವೇರ್ ಮೆಮೊರಿಯಲ್ಲಿ ಎಸ್‌ಎಂಬಯಾಸ್ ಎಂಬ ಟೇಬಲ್ ಇಟ್ಟಿರುತ್ತದೆ. ತಯಾರಕರು, ಮಾಡೆಲ್, ಸೀರಿಯಲ್ ನಂಬರ್, ಬಯಾಸ್ ದಿನಾಂಕ ಎಲ್ಲಾ ಅದರಲ್ಲಿ. ಲಿನಕ್ಸ್ ಕರ್ನಲ್ ಬೂಟ್ ಆಗುವಾಗ ಬಹಳ ಬೇಗ ಇದನ್ನು ಓದಿಕೊಳ್ಳುತ್ತದೆ. ವರ್ಚುವಲ್ ಮಷೀನ್ ಆಗಿದ್ದರೆ ಈ ಟೇಬಲ್ ಬರೆದು ಕೊಡೋದು ಹೈಪರ್‌ವೈಸರ್ ಕಡೆಯವರೇ.

ಹಾಗಾದರೆ ಟೇಬಲ್ ನೋಡಿದರೆ ಸಾಕಾ? ಸಾಲದು. ವರ್ಚುವಲ್‌ಬಾಕ್ಸ್‌ನಲ್ಲಿ ಲಿನಕ್ಸ್ ಬೂಟ್ ಮಾಡಿ ಕರ್ನಲ್ ಲಾಗ್ ತೆರೆದರೆ ಡಿಎಂಐ ಎಂಬ ಸಾಲಿನಲ್ಲಿ ‘ಇನ್ನೋಟೆಕ್’ ಅನ್ನೋ ಹೆಸರು ಸಿಗುತ್ತೆ, ಬಯಾಸ್ ದಿನಾಂಕ 2006ರದ್ದು. ಇನ್ನೋಟೆಕ್ ಜರ್ಮನಿಯ ಕಂಪನಿ. 2008ರಲ್ಲಿ ಅದನ್ನು ಸನ್ ಕೊಂಡಿತು, 2010ರಲ್ಲಿ ಸನ್ ಅನ್ನು ಒರಾಕಲ್ ಕೊಂಡಿತು. ಹೆಸರು ಮಾತ್ರ ಟೇಬಲ್‌ನಲ್ಲಿ ಹಾಗೇ ಉಳಿದಿದೆ. ಅದೇ ಲಾಗ್‌ನಲ್ಲಿ ಇನ್ನೊಂದು ಕಡೆ, ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ, ಪತ್ತೆಯಾದ ಹೈಪರ್‌ವೈಸರ್ ‘ಕೆವಿಎಂ’ ಅಂತ ಇರುತ್ತೆ. ಲಿನಕ್ಸ್‌ಗೆ ಅನುಕೂಲ ಆಗಲಿ ಅಂತ ವರ್ಚುವಲ್‌ಬಾಕ್ಸ್ ಸಿಪಿಯುಐಡಿಯಲ್ಲಿ ಕೆವಿಎಂ ಹಾಗೆ ಮಾತಾಡುತ್ತದೆ. ಬೂಟ್ ಆಗಿದ್ದು ಒಂದೇ ಸಲ, ಸಿಕ್ಕ ಹೆಸರು ಎರಡು!

ನಮಗೆ ತುಂಬ ಹಿಡಿಸಿದ್ದು ವಿಎಂವೇರ್ ಅನ್ನು ಗುರುತಿಸಲು ಕರ್ನಲ್ ಮಾಡುವ ಕೆಲಸ. ಮೊದಲು ಆ 31ನೇ ಬಿಟ್ ನೋಡುತ್ತದೆ. ಬಿಟ್ ಇದ್ದರೆ ಸಿಪಿಯುಐಡಿಯಲ್ಲೇ ಹೆಸರು ಕೇಳುತ್ತದೆ. ಬಿಟ್ ಇಲ್ಲದಿದ್ದರೆ ಟೇಬಲ್‌ನ ಸೀರಿಯಲ್ ನಂಬರ್‌ನಲ್ಲಿ ವಿಎಂವೇರ್ ಹೆಸರಿದೆಯಾ ಅಂತ ಹುಡುಕುತ್ತದೆ. ಸಿಕ್ಕಿದ ಮಾತ್ರಕ್ಕೆ ನಂಬಲ್ಲ. ಹೆಕ್ಸಾಡೆಸಿಮಲ್ 5658 ಎಂಬ ಪೋರ್ಟಿನಲ್ಲಿ ಒಂದು ಪ್ರಶ್ನೆ ಹಾಕಿ, ಸರಿಯಾದ ಉತ್ತರ ಬಂದರೆ ಮಾತ್ರ ಹೌದು ಅನ್ನುತ್ತದೆ. ಇದಕ್ಕಾಗಿಯೇ ಬೂಟ್ ಕೋಡ್‌ನಲ್ಲಿ ಟೇಬಲ್ ಓದುವ ಕೆಲಸ ಮೊದಲು, ಹೈಪರ್‌ವೈಸರ್ ಹುಡುಕುವ ಕೆಲಸ ಆಮೇಲೆ.

ಇಷ್ಟೆಲ್ಲ ಯಾಕೆ ಕೇಳುತ್ತದೆ? ವಿಎಂವೇರ್‌ನವರು 2008ರಲ್ಲಿ ಈ ಕೋಡ್ ಬರೆದದ್ದು ಮುಖ್ಯವಾಗಿ ಗಡಿಯಾರಕ್ಕಾಗಿ. ವರ್ಚುವಲ್ ಮಷೀನ್ ಒಳಗೆ ಪ್ರೊಸೆಸರ್‌ನ ಟಿಎಸ್‌ಸಿ ಕೌಂಟರ್ ಎಷ್ಟು ವೇಗದಲ್ಲಿ ಓಡುತ್ತಿದೆ ಅಂತ ತಾನೇ ಅಳೆದರೆ ಲೆಕ್ಕ ತಪ್ಪಬಹುದು. ಕೆಳಗೆ ಯಾರಿದ್ದಾರೆ ಅಂತ ಗೊತ್ತಾದರೆ ಅವರನ್ನೇ ಕೇಳಬಹುದು. ಅಂದರೆ ಕರ್ನಲ್ ಗುರುತು ಕೇಳೋದು ಹೊಂದಿಕೊಂಡು ಕೆಲಸ ಮಾಡೋಕೆ. ಟೆಸ್ಟ್ ಆ್ಯಪ್ ಗುರುತು ಕೇಳೋದು ಹೊರಗೆ ಹಾಕೋಕೆ. ಹೊರಗೆ ಹಾಕುವವರು ಕರ್ನಲ್‌ಗಿಂತ ಹೆಚ್ಚು ಎಚ್ಚರವಾಗಿರಬೇಕು ತಾನೇ? ಒಂದೇ ಗುರುತು ನೋಡಿ ಬಾಗಿಲು ಹಾಕೋದು ತಪ್ಪು ಅನ್ನೋದೇ ನಮ್ಮ ಮಾತು.

ಕಾಪಿ ಹೊಡೆಯೋರು ಇಲ್ಲವೇ ಅಂತ ಕೆಲವರು ಕೇಳಬಹುದು. ಇದ್ದಾರೆ. ಟೆಸ್ಟ್ ಅನ್ನು ವರ್ಚುವಲ್ ಮಷೀನ್ ಒಳಗೆ ತೆರೆದು ಹೊರಗೆ ಉತ್ತರ ಹುಡುಕುವವರು ಇರಬಹುದು, ಅವರನ್ನು ತಡೆಯಲೇಬೇಕು. ಆದರೆ ಟೇಬಲ್‌ನ ಅಕ್ಷರಗಳನ್ನು ಬರೆಯುವುದೇ ಹೈಪರ್‌ವೈಸರ್ ಕಡೆಯವರು ಅಂದಮೇಲೆ, ಬೇಕಂತಲೇ ಮೋಸ ಮಾಡುವವನು ಅದನ್ನು ಬದಲಾಯಿಸಿಕೊಂಡು ಬರುತ್ತಾನೆ. ಸಿಕ್ಕಿಬೀಳೋದು ಏನೂ ಗೊತ್ತಿಲ್ಲದೆ ಲ್ಯಾಬಿಗಾಗಿ ಲಿನಕ್ಸ್ ಹಾಕಿಕೊಂಡವನು.

ಹಾಗಾಗಿ ನಾವು ಕೇಳೋದು ದೊಡ್ಡದೇನಲ್ಲ. ಟೆಸ್ಟ್ ನಡೆಸುವವರು ಬಿಟ್ ಮತ್ತು ಟೇಬಲ್ ಎರಡನ್ನೂ ಹೋಲಿಸಲಿ. ಅನುಮಾನ ಬಂದರೆ ಕಾರಣ ತೋರಿಸಲಿ, ಟೆಸ್ಟ್ ನಿಲ್ಲಿಸುವ ಮುಂಚೆ ಒಬ್ಬ ಮನುಷ್ಯ ನೋಡಲಿ. ಎರಡು ದಿನ ಮೊದಲೇ ಅದೇ ಲ್ಯಾಪ್‌ಟಾಪಿನಲ್ಲಿ ಪರೀಕ್ಷಿಸಿಕೊಳ್ಳಲು ಪ್ಲೇಸ್‌ಮೆಂಟ್ ಸೆಲ್‌ನವರು ಅವಕಾಶ ಕೊಡಿಸಲಿ. ನಮ್ಮ ಲ್ಯಾಬಿನಲ್ಲಿ ಒಂದು ಗಂಟೆ ಕರ್ನಲ್‌ನ ಬೂಟ್ ಲಾಗ್ ಓದಿಸಲಿ. ವೈವಾದಲ್ಲಿ ಹೈಪರ್‌ವೈಸರ್‌ನ ಡೆಫಿನಿಷನ್ ಉರು ಹೊಡೆದು ಫುಲ್ ಮಾರ್ಕ್ಸ್ ತಗೊಂಡವರು ನಾವೇ. ನಮ್ಮ ಲ್ಯಾಪ್‌ಟಾಪಿನಲ್ಲೇ ಒಂದು ಓಡುತ್ತಿತ್ತು ಅಂತ ನಮಗೇ ಗೊತ್ತಿರಲಿಲ್ಲ.

ಗೋಣಿಕೊಪ್ಪದಿಂದ ವಿರಾಜಪೇಟೆಗೆ ಬರುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹಿರಿಯರು ‘ನೀನು ಯಾರ ಮನೆಯವ?’ ಅಂತ ಕೇಳುತ್ತಾರೆ. ಮನೆತನದ ಹೆಸರು ಹೇಳಿದರೆ ಅಷ್ಟಕ್ಕೇ ಬಿಡಲ್ಲ, ‘ತಾತ ಯಾರು, ತೋಟ ಎಲ್ಲಿ’ ಅಂತ ಇನ್ನೆರಡು ಪ್ರಶ್ನೆ ಬರುತ್ತೆ. ಆಮೇಲೆ ಸ್ವಲ್ಪ ಸರಿದು ಬ್ಯಾಗ್ ಇಡಲು ಜಾಗ ಕೊಡುತ್ತಾರೆ. ಉತ್ತರ ಸರಿಯಾಗಿ ಅರ್ಥ ಆಗಲಿಲ್ಲ ಅಂತ ಯಾರನ್ನೂ ಬಸ್ಸಿಂದ ಇಳಿಸಿದ್ದು ನಾವು ನೋಡಿಲ್ಲ.