ಗೊರಕೆ ಸುಖನಿದ್ರೆಯಲ್ಲ

"ಮಗು ಹೇಗೆ ಗೊರಕೆ ಹೊಡೆಯುತ್ತಿದೆ ನೋಡಿ, ಎಷ್ಟು ಗಾಢ ನಿದ್ದೆ!" ಈ ಮಾತು ಕೇಳದ ಮನೆ ನಮ್ಮಲ್ಲಿ ಎಷ್ಟಿವೆ? ಮುಂಬಯಿಯ ಒಂದೇ ಕೋಣೆಯಲ್ಲಿ ಸಾಲಾಗಿ ಮಲಗುವ ನಮಗೆ ಪಕ್ಕದವರ ಉಸಿರು ಕೇಳದೆ ಇರುವುದಿಲ್ಲ. ಕೇಳಿಯೂ ತಿಳಿಯದೆ ಇರುವುದೇ ನಮ್ಮ ತಪ್ಪು.

ಮುಖ ಮತ್ತು ತಲೆಬುರುಡೆಯ ಎಲುಬುಗಳಲ್ಲಿ ಲೋಪವಿದ್ದು ಹುಟ್ಟಿದ ಮಕ್ಕಳ ಮಾತನ್ನು ನಾವಿಲ್ಲಿ ಎತ್ತುತ್ತಿದ್ದೇವೆ. ಪಿಯರ್ ರಾಬಿನ್ ಎಂಬ ಸ್ಥಿತಿಯಲ್ಲಿ ಕೆಳದವಡೆ ಚಿಕ್ಕದಾಗಿದ್ದು, ನಾಲಿಗೆ ಹಿಂದಕ್ಕೆ ಸರಿದು ಉಸಿರಿನ ದಾರಿಗೆ ಅಡ್ಡವಾಗುತ್ತದೆ. ಕ್ರೂಜಾನ್, ಏಪರ್ಟ್ ಸ್ಥಿತಿಗಳಲ್ಲಿ ಮುಖದ ನಡುಭಾಗ ಸರಿಯಾಗಿ ಬೆಳೆಯದೆ ಮೂಗಿನ ಹಿಂದಿನ ಹಾದಿ ಇಕ್ಕಟ್ಟಾಗುತ್ತದೆ. ನಿದ್ರೆಯಲ್ಲಿ ಸ್ನಾಯುಗಳು ಸಡಿಲವಾದೊಡನೆ ಈ ಕಿರುದಾರಿ ಮುಚ್ಚಿ ಉಸಿರು ನಿಲ್ಲುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮಿದುಳು ಬೆಚ್ಚಿ ಎಚ್ಚರಗೊಂಡು ಉಸಿರೆಳೆಸುತ್ತದೆ. ರಾತ್ರಿಯಿಡೀ ಇದೇ ಹೋರಾಟ. ಇದಕ್ಕೆ ಸ್ಲೀಪ್ ಆಪ್ನಿಯ ಎನ್ನುತ್ತಾರೆ. ಬೆಳಿಗ್ಗೆ ಆ ಮಗು ತರಗತಿಯಲ್ಲಿ ತೂಕಡಿಸಿದರೆ ದಡ್ಡ, ಚಡಪಡಿಸಿದರೆ ತುಂಟ! ಮುಖಕ್ಕಾಗಿ ಈಗಾಗಲೇ ಹಾಸ್ಯಕ್ಕೆ ಗುರಿಯಾದ ಕೂಸಿಗೆ ಇದು ಎರಡನೆಯ ಶಿಕ್ಷೆ.

ನಾವು ಮಾಡುವುದೇನು? ಸೀಳುತುಟಿಗೆ ಮೊದಲು ಗ್ರಹಣವನ್ನು ದೂರುತ್ತೇವೆ. ಆಮೇಲೆ ತುಟಿ ಹೊಲಿಸಿ, ಫೋಟೋ ತೆಗೆಸಿ, "ಇನ್ನು ಮದುವೆಗೆ ತೊಂದರೆಯಿಲ್ಲ" ಎಂದು ನಿಟ್ಟುಸಿರು ಬಿಡುತ್ತೇವೆ. ಹಗಲಿನ ಮುಖಕ್ಕಿರುವ ಕಾಳಜಿ ರಾತ್ರಿಯ ಉಸಿರಿಗೆ ಇಲ್ಲ. ಸರಕಾರವೂ ನಮ್ಮ ಹಾಗೆಯೇ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ 30 ತೊಂದರೆಗಳ ಪಟ್ಟಿಯಲ್ಲಿ ಸೀಳುತುಟಿ, ಸೀಳಂಗುಳ ಸೇರಿದವು. ನಿದ್ರೆಯ ಉಸಿರುತಡೆ ಸೇರಲಿಲ್ಲ. ಅಂಗುಳ ಸೀಳಿದ ಮಕ್ಕಳ ಮಾತು ತಿದ್ದಲು ಗಂಟಲಲ್ಲಿ ಮಾಡುವ ಕೆಲವು ಶಸ್ತ್ರಚಿಕಿತ್ಸೆಗಳೇ ಉಸಿರಿನ ದಾರಿಯನ್ನು ಕಿರಿದುಗೊಳಿಸಬಲ್ಲವು. ಹಾಗಿದ್ದೂ "ಆಮೇಲೆ ಮಗು ಹೇಗೆ ಮಲಗುತ್ತದೆ?" ಎಂದು ವೈದ್ಯರನ್ನು ಕೇಳುವ ತಂದೆತಾಯಿಗಳು ಎಷ್ಟು ಜನ?

ಉಪಾಯವಿಲ್ಲದ ಕಾಯಿಲೆಯಂತೂ ಇದಲ್ಲ. 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು ಮೂಗಿನ ಮೂಲಕ ಗಾಳಿಯ ಒತ್ತಡ ಕೊಟ್ಟು ಉಸಿರಿನ ದಾರಿಯನ್ನು ತೆರೆದಿಡುವ ವಿಧಾನವನ್ನು ಪ್ರಕಟಿಸಿದರು. 1992ರಲ್ಲಿ ನ್ಯೂಯಾರ್ಕಿನ ಜೋಸೆಫ್ ಮೆಕಾರ್ಥಿಯವರ ತಂಡ ಮಕ್ಕಳ ಕೆಳದವಡೆಯನ್ನು ದಿನದಿನವೂ ಸ್ವಲ್ಪಸ್ವಲ್ಪವೇ ಹಿಗ್ಗಿಸಿ ಉದ್ದ ಮಾಡಿದ್ದನ್ನು ವರದಿ ಮಾಡಿತು. ಕೆಲವು ಮಕ್ಕಳಿಗೆ ಟಾನ್ಸಿಲ್ ತೆಗೆದರೂ ಅನುಕೂಲವಾಗುತ್ತದೆ. ಯಾವುದು ಯಾರಿಗೆ ಎಂಬುದನ್ನು ತಜ್ಞರು ಪರೀಕ್ಷಿಸಿ ಹೇಳಬೇಕು.

"ಅಷ್ಟು ಹಣ ಎಲ್ಲಿಂದ?" ಎನ್ನುವಿರಿ. ನ್ಯಾಯವಾದ ಪ್ರಶ್ನೆಯೇ. ಆದರೆ ಕಿವಿಗೊಡಲು ಕಾಸು ಬೇಡ. ಗೊರಕೆ ನಡುವೆ ನಿಂತು, ಮಗು ಏದುಸಿರಿನಿಂದ ಮತ್ತೆ ಉಸಿರೆಳೆದರೆ, ಮೊಬೈಲಿನಲ್ಲಿ ಹಿಡಿದಿಟ್ಟು ವೈದ್ಯರಿಗೆ ತೋರಿಸಿ. ರಾತ್ರಿಯ ನಿದ್ರಾ ಪರೀಕ್ಷೆ ಬೇಕೇ ಎಂದು ಕೇಳಿ. ಹಣದ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಮ್ಮ ಸಂಘಗಳು. ನಾಡಹಬ್ಬದ ಪೆಂಡಾಲಿಗೆ ವಂತಿಗೆ ಎತ್ತಬಲ್ಲ ನಾವು ಒಂದು ಮಗುವಿನ ಉಸಿರಿಗೆ ಎತ್ತಲಾರೆವೆ?